ಗಾಡಿಗೆ ಬಗ್ಗಾಕ ಬೆನ್ನಿಲ್ಲ

ನಮ್ಮ ಓಣಿ ತುದಿಗೆ ಹೊಸಾ ಶೆಡ್ ಏಳಾಕತ್ತಿದ್ದನ್ನ ನೀವೆಲ್ಲಾರೂ ನೋಡೀರಿ. ಗ್ವಾಡಿ ತಲಿಮಟ್ಟ ದಾಟೈತಿ. ಶುಕ್ರವಾರ ಬಾಗಲದ ಮ್ಯಾಲ ಲಿಂಟಲ್ ಹಾಕ್ತಾರಂತ. ನಿನ್ನೆ ಸಂಜಿಮುಂದ ಹಾಲಿಗೆ ಹೋದಾಗ ಮೇಸ್ತ್ರಿನ್ನ ಕೇಳಿದೆ, "ಬಾಗಲಾ ಎಷ್ಟ ಎತ್ತರ ಇಡ್ತೀರಿ?" ಅಂತ. "ಎಂಟ ಅಡಿ ಅಕ್ಕಾರ. ನಾವು ಯಾವತ್ತೂ ಏಳ ಇಡೂದು. ಇವರದು ಟೆಂಪೋ ಐತಂತ ಒಂದಡಿ ಹೆಚ್ಚಿಗಿ ಕೊಟ್ಟೀನಿ" ಅಂದ. ಏನೋ ಉಪಕಾರ ಮಾಡಿದಂಗ ಹೇಳಿದ. ಮನಿ ಯಜಮಾನರು ಬಾಜೂಕ ನಿಂತು "ಸಾಕಾತು ಬಿಡ್ರಿ ಅಕ್ಕಾರ, ಆನಿ ಕಟ್ಟೂದೇನಿಲ್ಲ" ಅಂತ ನಕ್ಕರು. ಮನ್ಯಾಕಿ ಚಾ ತಗೊಂಡು ಬಂದಾಕಿ ಸುಮ್ಮನ ನಿಂತಿದ್ಲು. ಆಕಿ ಸುಮ್ಮನ ನಿಂತದ್ದು ನೋಡಿ ನನಗ ಹೊಟ್ಟ್ಯಾಗ ಕಿವುಚಿದಂಗಾತು. ಮೂರ ವರ್ಷದ ಹಿಂದ ನಾನೂ ಹಂಗ ಚಾದ ತಾಟು ಹಿಡಕೊಂಡು ಸುಮ್ಮನ ನಿಂತಿದ್ದೆ.

ಅದಕ್ಕ ಇವತ್ತ ರೊಟ್ಟಿ ಬಡದು ಮುಗಿಸಿದವಳ ಇದನ್ನ ಬರ್ಯಾಕ ಕುಂತೀನಿ. ಉಪ್ಪಿನಕಾಯಿ ಬಗ್ಗೆ ಬರಿತೀನಿ ಅಂದಿದ್ದೆ, ಅದು ಮುಂದಿನ ಸಲ. ಉಪ್ಪಿನಕಾಯಿ ಕೆಟ್ಟರ ಮತ್ತೊಂದು ಭರಣಿ ಹಾಕಬಹುದು, ಲಿಂಟಲ್ ಕೆಟ್ಟರ ಒಡದ ತೀರಬೇಕು.

ನಾ ಹೇಳೂ ಮಾತು ಒಂದ. ಗಾಡಿ ನಿಂದ್ರಸೂ ಜಾಗಾದ ಬಾಗಲದ ಎತ್ತರ ಮೇಸ್ತ್ರಿಯ ರೂಢಿ ಮ್ಯಾಲ ಇಡೂದಲ್ಲ, ಗಾಡಿ ಕಂಪನಿ ಪುಸ್ತಕದ ಮ್ಯಾಲ ಇಡೂದೂ ಅಲ್ಲ. ಆ ಗಾಡಿ ತನ್ನ ತಲಿ ಮ್ಯಾಲ ಏನೇನ ಹೊರತೈತಿ ಎಲ್ಲಾ ಹೊತ್ತು, ಒಳಗ ಖಾಲಿ ಇದ್ದು, ಗಾಲಿಗೆ ಪೂರಾ ಗಾಳಿ ತುಂಬಿ ನಿಂತಾಗ ಎಷ್ಟ ಎತ್ತರ ಅಕ್ಕೈತೋ ಅದರ ಮ್ಯಾಲ ಇನ್ನೊಂದು ಅಡಿ ಬಿಟ್ಟು ಇಡಬೇಕು. ಆ ಅಳತಿ ಹಿಡಿಯುವಾಗ ಮನಿ ಹೆಣ್ಮಗಳು ಟೇಪಿನ ಒಂದ ತುದಿ ಹಿಡಿದಿರಬೇಕು. ಖಾಲಿ ಗಾಡಿ ಯಾಕ ಅಂತ ಮುಂದ ಹೇಳ್ತೀನಿ. ನಾವು ರೊಕ್ಕ ಕೊಟ್ಟು ಕಲ್ತ ಪಾಠ ಅದು.

ನಮ್ಮ ಮಗ ಒಂದು ಹಳೇ ಟೆಂಪೋ ಟ್ರಾವೆಲರ್ ತಂದದ್ದು ನಿಮಗ ಗೊತ್ತೈತಿ. ಮುಂದಿನ ಸೀಟು ಇಟ್ಟು, ಹಿಂದಿನವು ತಗದು, ಎರಡು ಹಾಸಿಗಿ, ಒಂದು ಸಣ್ಣ ಗ್ಯಾಸಿನ ಒಲಿ, ನೂರು ಲೀಟರಿನ ನೀರಿನ ಟಾಕಿ ಕೂಡಿಸಿದ. ಆರ್‌ಟಿಓದಾಗ ಕಾಗದಾ ಎಲ್ಲಾ ಬರಿಸಿದ. ದಾಂಡೇಲಿಗೆ ಕಾಳಿ ಹೊಳ್ಯಾಗ ದೋಣಿ ಆಡಾಕ ಬರೂ ಪ್ಯಾಟಿ ಮಂದಿಗೆ ಬಾಡಿಗಿ ಕೊಡೂದು ಅವನ ಲೆಕ್ಕ. ಊರಾಗ ಮಂದಿ "ಗಾಲಿ ಮ್ಯಾಲಿನ ಮನಿ" ಅಂತ ನಕ್ಕರು. ನಮ್ಮತ್ತಿ ಮಾತ್ರ ನಗಲಿಲ್ಲ. "ಇದರಾಗ ಹೊಸಾದೇನೈತಿ? ಉಳವಿ ಜಾತ್ರಿಗೆ ನಾವು ಕೊಲ್ಲಾರಿ ಬಂಡ್ಯಾಗ ಹೋಗ್ತಿದ್ದಿವಲ್ಲ, ಅದಕ್ಕ ಇಂಜಿನ್ ಹಚ್ಯಾರ ಅಷ್ಟ" ಅಂದ್ರು.

ಖರೇನ ಮಾತದು. ಉಳವಿ ಚನ್ನಬಸವಣ್ಣನ ಜಾತ್ರಿಗೆ ಭಾರತ ಹುಣ್ಣಿಮಿ ಹೊತ್ತಿಗೆ ಧಾರವಾಡ, ಬೆಳಗಾವಿ ಕಡಿಂದ ಈಗೂ ಚಕ್ಕಡಿ ಹೂಡಿಕೊಂಡು ಜೋಯಿಡಾ ಅಡವಿ ಹಾದು ಬರ್ತಾರ. ಬಂಡಿ ಮ್ಯಾಲ ಕಮಾನು ಹಾಕಿ, ಒಳಗ ಹುಲ್ಲು ಹಾಸಿ, ಅದರ ಮ್ಯಾಲ ಕೌದಿ. ದಾರ್ಯಾಗ ಹಳ್ಳ ಸಿಕ್ಕಲ್ಲಿ ಮೂರು ಕಲ್ಲಿಟ್ಟು ಅಡಗಿ, ರಾತ್ರಿ ಬಂಡ್ಯಾಗ ನಿದ್ದಿ. ಚಕ್ಕಡಿ ಇಲ್ಲದವರು ಟ್ರ್ಯಾಕ್ಟರ್ ಟ್ರೇಲರಿಗೆ ಬಿದಿರಿನ ಕಮಾನು ಕಟ್ಟಿ ತಾಡಪತ್ರಿ ಹೊಚ್ಚಿ ಹೋಗ್ತಾರ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೂ ಹಂಗ. ಉಣ್ಣೂದು, ಮಲಗೂದು, ಮಕ್ಕಳ ಅರಬಿ ಒಣಗಸೂದು ಎಲ್ಲಾ ಗಾಡ್ಯಾಗ. ಈಗ ವಿದೇಶದವರು ಕ್ಯಾಂಪರ್ ವ್ಯಾನ್ ಅಂತ ಕರಿಯೂದನ್ನ ನಮ್ಮ ಹಿರೇರು ಎತ್ತು ಕಟ್ಟಿ ನಡಸ್ಯಾರ.

ಆ ಹಿರೇರು ಬಾಗಲದ ವಿಷಯದಾಗ ನಮಗಿಂತ ಶಾಣ್ಯಾ ಇದ್ರು. ನನ್ನ ತವರೂರು ಹಾನಗಲ್ ಕಡೆ. ಅಲ್ಲಿ ಊರ ಅಗಸಿ ಎಷ್ಟ ಎತ್ತರ ಇತ್ತಂದ್ರ ಹುಲ್ಲು ತುಂಬಿದ ಬಂಡಿ ಸಲೀಸ ಹಾಯ್ತಿತ್ತು. ನಾವು ಹುಡುಗ್ರು ಹುಲ್ಲಿನ ಮ್ಯಾಲ ಕುಂತಿರ್ತಿದ್ವಿ. ಅಗಸಿ ಬಂತಂದ್ರ ಅಪ್ಪ ಕೆಳಗಿಂದ "ಮಲಗ್ರೆಲೇ!" ಅಂತ ಒದರ್ತಿದ್ದ. ನಾವು ಅಂಗಾತ ಬಿದ್ದು ಅಗಸಿ ತೊಲಿ ಮೂಗಿನ ಮ್ಯಾಲ ಹಾದು ಹೋಗೂದನ್ನ ನೋಡ್ತಿದ್ವಿ. ಅಷ್ಟ ಎತ್ತರದ ಬಾಗಲದಾಗೂ ಅಪ್ಪ ಒದರೂದು ಬಿಟ್ಟಿರಲಿಲ್ಲ. ಇನ್ನ ಮನಿ ಒಳಗಿನ ಬಾಗಲಾ ನೋಡ್ರಿ, ಗಿಡ್ಡು. ದೇವರ ಮನಿದು ಇನ್ನೂ ಗಿಡ್ಡು. ಮನಶ್ಯಾ ಬಗ್ಗಿ ಹಾಯಬೇಕು, ಅದು ನಮ್ರತಿ. ಹಿರೇರಿಗೆ ಎರಡೂ ಬಾಗಲದ ಭೇದ ಗೊತ್ತಿತ್ತು. ಮನಶ್ಯಾಗ ಬೆನ್ನೈತಿ, ಬಗ್ಗತಾನ. ಗಾಡಿಗೆ ಬಗ್ಗಾಕ ಬೆನ್ನಿಲ್ಲ.

ಈಗ ನಮ್ಮ ಶೆಡ್ಡಿನ ಕಥಿ ಕೇಳ್ರಿ. ಮೇಸ್ತ್ರಿ "ಗಾಡಿ ಎತ್ತರ ಎಷ್ಟು?" ಅಂತ ಕೇಳಿದ. ಮಗ ಕಂಪನಿ ಪುಸ್ತಕ ನೋಡಿ 8 ಅಡಿ 4 ಇಂಚು ಅಂದ. ನಮ್ಮನ್ಯಾವರು "9 ಇಡ್ರಿ, ಭರಪೂರ ಆತು" ಅಂದ್ರು. ನಾನು ಚಾ ಕೊಡುತ್ತಾ "ಹತ್ತ ಇಟ್ಟರ ಹೆಂಗ?" ಅಂದೆ. "ನಿನಗ ಇದರಾಗಿಂದು ಏನ್ ಗೊತ್ತಾಗತೈತಿ" ಅಂದ್ರು. ನನಗ ಗಾಡಿ ಗೊತ್ತಿಲ್ಲ, ಖರೆ. ಆದ್ರ ಪಿಯುಸಿ ಓದಿದಾಕಿ, ಕೂಡಿಸೂದು ಕಳಿಯೂದು ಬರತೈತಿ. ಆವತ್ತ ಕೂಡಿಸಿ ಕಳದು ತೋರಸಲಿಲ್ಲ, ಸುಮ್ಮನಾದೆ. ಅದು ನನ್ನ ತಪ್ಪು.

ಲೆಕ್ಕ ಹೆಂಗ ಕರಗಿತು ನೋಡ್ರಿ. ಲಿಂಟಲ್ 9 ಅಡಿಗೆ ಬಿತ್ತು. ಶಟರಿನವರು ಬಂದು ಸುತ್ತೂ ಶಟರ್ ಕೂಡಿಸಿದ್ರು. ಪೂರಾ ಎತ್ತಿದರೂ ಅದರ ಕೆಳಗಿನ ದಪ್ಪ ಪಟ್ಟಿ ಲಿಂಟಲಿನ ಕೆಳಗ 3 ಇಂಚು ಜೋತು ಬಿತ್ತು. ಉಳಿದದ್ದು 8 ಅಡಿ 9 ಇಂಚು. ಆಮ್ಯಾಲ ಗಾಡಿ ತೊಳದ ನೀರು ಹೊರಗ ಹರೀಲಿ ಅಂತ ನೆಲಕ್ಕ 2 ಇಂಚು ಕಾಂಕ್ರೀಟ್ ಹಾಕಿದ್ರು. ಉಳಿದದ್ದು 8 ಅಡಿ 7 ಇಂಚು. ಗಾಡಿ 8 ಅಡಿ 4. ಇನ್ನೂ 3 ಇಂಚು ಐತಲ್ಲಾ ಅಂತ ಎಲ್ಲಾರೂ ಖುಷಿ. ಎರಡು ವರ್ಷ ಗಾಡಿ ಸರಳ ಹೋಗಿ ಬಂದು ಮಾಡಿತು. ಹೋದ ವರ್ಷ ಉಳವಿಗೆ ಹೊಂಡೂ ಮುಂದ ಮಗ ಗಾಡಿ ಛತ್ತಿನ ಮ್ಯಾಲ ಸೋಲಾರ್ ಪ್ಲೇಟ್ ಕೂಡಿಸಿಕೊಂಡು ಬಂದ, ಒಳಗ ಫ್ಯಾನು ದೀಪ ಹತ್ತಲಿ ಅಂತ. ಪ್ಲೇಟು, ಅದರ ಚೌಕಟ್ಟು ಕೂಡಿ 4 ಇಂಚು. ಗಾಡಿ ಈಗ 8 ಅಡಿ 8 ಇಂಚು. ಬಾಗಲಾ 8 ಅಡಿ 7. ಯಾರೂ ಅಳದಿಲ್ಲ. ಯಾಕಂದ್ರ ಅಳಿಯೂದು ಎರಡು ವರ್ಷದ ಹಿಂದನ ಮುಗದಿತ್ತಲ್ಲ!

ಉಳವಿಂದ ವಾಪಸ್ ಬಂದಾಗ ರಾತ್ರಿ ಎರಡು ಗಂಟೆ. ಹತ್ತು ಮಂದಿ ಒಳಗ, ಮಕ್ಕಳು ಮಲಗಿದ್ವು, ಹಂಡೆ ಪಾತ್ರಿ, ಹಾಸಿಗಿ, ಟಾಕಿ ತುಂಬ ನೀರು. ಯಾರೂ ಇಳೀಲಿಲ್ಲ. ಮಗ ಸೀದಾ ಒಳಗ ತಂದು ನಿಂದ್ರಿಸಿದ. ಹೋತು. ಯಾಕ ಹೋತು? ಅಷ್ಟೂ ಭಾರಕ್ಕ ಗಾಡಿ ಪಾಟಾ ಎರಡು ಇಂಚು ಕುಂತಿದ್ವು. 8 ಅಡಿ 6 ಇಂಚಿನ ಗಾಡಿ 8 ಅಡಿ 7 ಇಂಚಿನ ಬಾಗಲದಾಗ ಒಂದ ಇಂಚಿನ ಸಂದಿನ್ಯಾಗ ಹಾದು ಬಂತು. ನಾವೆಲ್ಲಾ ಇಳದು ಮಲಗಿದ್ವಿ. ಮರದಿನ ಸಾಮಾನು ಇಳಸಿದ್ವಿ, ಟಾಕಿ ನೀರು ಗಿಡಕ್ಕ ಬಿಟ್ವಿ. ಗಾಡಿ ತನ್ನ ಪಾಡಿಗೆ ಎರಡು ಇಂಚು ಎದ್ದು ನಿಂತಿತು. ಒಳಗ ಬಂದ ಗಾಡಿ ಹೊರಗ ಹೋಗೂದಿಲ್ಲ ಅನ್ನೂದು ಯಾರ ತಲ್ಯಾಗೂ ಹೊಳೀಲಿಲ್ಲ.

ಅದರ ಮರದಿನ ಮುಂಜಾನೆ ನಮ್ಮತ್ತಿ ಬಚ್ಚಲದಾಗ ಜಾರಿ ಬಿದ್ರು. ಟೊಂಕದ ಎಲಬು. ಕಾಲು ಎತ್ತಾಕ ಬರವಲ್ದು, ಕೂಡಾಕ ಬರವಲ್ದು, ಚೀರಾಟ. ಸೀದಾ ಮಲಗಿಸಿ ಒಯ್ಯಬೇಕು. ನಮ್ಮ ಮನ್ಯಾಗ ಹಾಸಿಗಿ ಇರೂ ಗಾಡಿನ ಐತಲ್ಲ! ಮಗ ಓಡಿ ಹೋಗಿ ಚಾಲೂ ಮಾಡಿ ಹಿಂದಕ್ಕ ತಗದ. ಕಟಕ್ ಅಂತ ಸಪ್ಪಳ. ಪ್ಲೇಟಿನ ಚೌಕಟ್ಟು ಶಟರಿನ ಪಟ್ಟಿಗೆ ಸಿಕ್ಕೊಂಡಿತ್ತು. ಮುಂದಕ್ಕ ತಗದು ಮತ್ತ ಹಿಂದಕ್ಕ ತಗದ. ಮತ್ತ ಕಟಕ್. ಶಟರ್ ಒಂದ ಕಡೆ ಓರೆ ಆತು, ಮ್ಯಾಲ ಹೋಗವಲ್ದು, ಕೆಳಗ ಬರವಲ್ದು. ಓಣಿ ಗಂಡಸರೆಲ್ಲಾ ಕೂಡಿದ್ರು. ಒಬ್ಬರು ಚೌಕಟ್ಟು ಕೀಳ್ರಿ ಅಂದ್ರು, ಪಾನಾ ಸಿಗಲಿಲ್ಲ. ಒಬ್ಬರು ಗಾಲಿ ಗಾಳಿ ಬಿಡ್ರಿ ಅಂದ್ರು. ನಾಕೂ ಗಾಲಿದು ಗಾಳಿ ಬಿಟ್ಟ ಮ್ಯಾಲ ಗಾಡಿ ಹೊರಗ ಬಂತು. ಆದ್ರ ಚಪ್ಪಟ್ಟಿ ಗಾಲಿ ಮ್ಯಾಲ ಹುಬ್ಬಳ್ಳಿಗೆ ಹೆಂಗ ಹೋಗೂದು? ಇಷ್ಟರಾಗ ಮುಕ್ಕಾಲು ತಾಸು ಆಗಿತ್ತು, ಫೋನ್ ಹಚ್ಚಿದ್ದ ಆಂಬ್ಯುಲೆನ್ಸ್ ಬಂದ ಮುಟ್ಟಿತು. ಅದರಾಗನ ಒಯ್ದ್ವಿ.

ಸ್ಟ್ರೆಚರ್ ಮ್ಯಾಲ ಮಲಗಿದ್ದ ನಮ್ಮತ್ತಿ ಅಂಥಾ ನೋವಿನ್ಯಾಗೂ ಮೊಮ್ಮಗನ್ನ ನೋಡಿ ಒಂದು ಮಾತಂದ್ರು: "ಗಾಡ್ಯಾಗ ಹಾಸಿಗಿ ಮಾಡೀಯಪ್ಪಾ, ಬಾಗಲದಾಗ ದಾರಿ ಮಾಡಲಿಲ್ಲ." ಆ ಹುಡುಗ ಅವತ್ತ ಉಣ್ಣಲಿಲ್ಲ.

ಇದ್ದದ್ದು ಇದ್ದಂಗ ಹೇಳಬೇಕು. ಆ ಮುಕ್ಕಾಲು ತಾಸಿನಿಂದ ಎಲಬಿಗೇನೂ ಹೆಚ್ಚಿಗಿ ಆಗಿಲ್ಲ ಅಂತ ಡಾಕ್ಟರ್ ಹೇಳಿದ್ರು. ಆಪರೇಶನ್ ಆತು, ಈಗ ವಾಕರ್ ಹಿಡಕೊಂಡು ಕಟ್ಟಿಮಟ ಬರ್ತಾರ. ಆದ್ರ ಅವತ್ತ ಅದು ಟೊಂಕ ಆಗದ ಎದಿನೋವು ಆಗಿದ್ರ? ಹಾವು ಕಡದಿದ್ರ? ನಮ್ಮದು ಅಡವಿ ಅಂಚಿನ ಊರು. ಮಳಿಗಾಲದಾಗ ಗ್ವಾಡಿ ಸಂದ್ಯಾಗ ಏನೇನ ಇರತೈತಿ ಅಂತ ನಿಮಗ ನಾ ಹೇಳಬೇಕಾ? ಗಾಡಿ ಬಾಗಲಾ ಅಂದ್ರ ಚಂದಕ್ಕ ಇಡೂದಲ್ಲ, ಹೊತ್ತಿಲ್ಲದ ಹೊತ್ತಿನ್ಯಾಗ ಜೀವ ಹೊರಗ ಒಯ್ಯೂ ದಾರಿ ಅದು.

ಈಗ ಹೇಳ್ರಿ, ತಪ್ಪು ಯಾರದು? ಮೇಸ್ತ್ರಿ ಹೇಳಿದಷ್ಟ ಇಟ್ಟ. ಶಟರಿನವ ತನ್ನ ಪದ್ಧತಿ ಪ್ರಕಾರ ಕೂಡಿಸಿದ. ನೆಲದವ ನೀರು ಹರಿಯೂ ಹಂಗ ಮಾಡಿದ. ಮಗ ಪ್ಲೇಟ್ ಚೊಲೋ ಬಿಗದ. ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸಾ ಸರಿ ಮಾಡಿದ್ರು. ಎಲ್ಲಾರದೂ ಕೂಡಿಸಿ ಕಳದು ನೋಡಿದವರು ಮಾತ್ರ ಯಾರೂ ಇಲ್ಲ. ಅಕ್ಕಗೋಳ, ಮನ್ಯಾಗ ಆ ಕೆಲಸಾ ಯಾರು ಮಾಡ್ತಾರ? ನಾವಲ್ಲೇನು? ಹತ್ತ ಮಂದಿಗೆ ಅನ್ನಕ್ಕಿಡುವಾಗ ಹತ್ತ ಮಂದಿಗೆ ಸರಿಯಾಗಿ ಯಾರರ ಹಾಕ್ತೀರೇನು? ಹನ್ನೊಂದನೇದವರು ಬಂದ್ರ ಇರಲಿ ಅಂತ ಒಂದು ಮುಟಿಗಿ ಹೆಚ್ಚಿಗಿ ಹಾಕ್ತೀವಿ. ಆ ಒಂದ ಮುಟಿಗಿ ಲೆಕ್ಕನ ಬಾಗಲಕ್ಕೂ ಬೇಕು. ಗಂಡಸರು ಗಾಡಿ ಅಳಿತಾರ. ಮುಟಿಗಿ ಹೆಚ್ಚಿಗಿ ಹಾಕೂದು ನಮಗ ಬರತೈತಿ. ಅದಕ್ಕ ಟೇಪಿನ ತುದಿ ನಮ್ಮ ಕೈಯಾಗಿರಬೇಕು ಅನ್ನೂದು.

ಈ ಏಳು ಅಡಿ ಎಲ್ಲಿಂದ ಬಂತು ಅಂತ ತಿಳಕೋರಿ. ಮನಿ ಬಾಗಲಾ, ಕಿಟಕಿ ಎಲ್ಲಾದಕ್ಕೂ ಲಿಂಟಲ್ 7 ಅಡಿಗೆ ಹಾಕೂದು ನಮ್ಮ ಕಡೆ ವಾಡಿಕಿ. ಮನಶ್ಯಾಗ ಅದು ಭರಪೂರ. ಕಾರು, ಜೀಪಿಗೂ ನಡೀತೈತಿ, ಬೊಲೆರೋ ಅಂಥಾ ಎತ್ತರದ ಗಾಡಿನೂ 6 ಅಡಿ ಮ್ಯಾಲ ಎರಡು ಮೂರು ಇಂಚು ಅಷ್ಟ. ಸೆಂಟ್ರಿಂಗ್ ಹಲಗಿ ಒಂದ ಮಟ್ಟಕ್ಕ ಬಡದರ ಮೇಸ್ತ್ರಿಗೂ ಹಗುರ. ಅದಕ್ಕ ಶೆಡ್ಡಿನ ಬಾಗಲಕ್ಕೂ ಅದ ಏಳು. ನನ್ನ ತಂಗಿ ಮಗಳು ಅಮೆರಿಕಾದಾಗ ಇರ್ತಾಳ. ಅಲ್ಲೂ ಮನಿ ಗ್ಯಾರೇಜ್ ಬಾಗಲಾ ಸಾಮಾನ್ಯ 7 ಅಡಿನ ಅಂತ. ಆದ್ರ ಕ್ಯಾಂಪರ್ ಗಾಡಿ ಇಟ್ಟವರು 12, 14 ಅಡಿ ಎತ್ತರದ ಬ್ಯಾರೆ ಬಾಗಲಾ ಮಾಡಸ್ತಾರಂತ. ಅಲ್ಲಿ ಅದಕ್ಕಂತ ಬಾಗಲಾ ಅಂಗಡ್ಯಾಗ ಸಿಗತೈತಿ. ನಮ್ಮಲ್ಲಿ ಸಿಗೂದಿಲ್ಲ, ಕೇಳಿ ಮಾಡಸಬೇಕು. ಕೇಳಲಿಲ್ಲಂದ್ರ ಏಳ.

ಗಂಡಸರು ಹೇಳೂ ಮಾತು ಒಂದೊಂದ ತಗೊಳ್ಳೂಣು.

ಒಂದು, ಖರ್ಚು. ಶಟರಿಗೆ ಚದರ ಅಡಿ ಲೆಕ್ಕ. ಬಾಗಲಾ 10 ಅಡಿ ಅಗಲ ಇದ್ರ, ಎತ್ತರ ಎರಡು ಅಡಿ ಹೆಚ್ಚು ಮಾಡಿದ್ರ 20 ಚದರ ಅಡಿ ಹೆಚ್ಚು. ಎರಡು ಅಡಿ ಗ್ವಾಡಿ ಕಟ್ಟೂದು ಉಳೀತೈತಿ, ಅದನ್ನ ಕಳೀರಿ. ಇದು ಕಟ್ಟೂ ಮುಂದಿನ ಲೆಕ್ಕ. ಕಟ್ಟಿದ ಮ್ಯಾಲಿನ ಲೆಕ್ಕ ಬ್ಯಾರೆ. ನಮಗ ಲಿಂಟಲ್ ಒಡದು, ಮ್ಯಾಲ ಸರಿಸಿ, ಓರೆ ಆದ ಶಟರ್ ಮೂಲಿಗಿಟ್ಟು ಹೊಸಾದು ಹಾಕಸಾಕ ಮೊದಲಿನ ಶಟರ್ ಖರ್ಚಿನ ಮೂರು ಪಟ್ಟು ಹೋತು. ಎರಡು ವಾರ ಸಿಮೆಂಟಿನ ಧೂಳು, ಮಂದಿಗೆ ಚಾ, ಊಟ. ಅದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ, ಮಾಡಿದವರು ನಾವಲ್ಲ!

ಎರಡು, ಚಂದ. "ಮನಿ ಮುಂದ ಅಷ್ಟ ಎತ್ತರದ ಶಟರ್ ಗೋದಾಮ ಕಂಡಂಗ ಕಾಣತೈತಿ." ಕಾಣಲಿ ಬಿಡ್ರಿ. ಓರೆ ಆಗಿ ಹಲ್ಲು ಕಿಸಗೊಂಡು ನಿಂತ ಶಟರ್ ಇನ್ನೂ ಚಂದ ಕಾಣತೈತೇನು? ಬಾಜೂಕ ಒಂದು ಮಲ್ಲಿಗಿ ಬಳ್ಳಿ ಹಬ್ಬಿಸಿದ್ರ ಗೋದಾಮೂ ಮನಿ ಅಕ್ಕೈತಿ.

ಮೂರು, "ಒಳಗ ಹಾಕೂ ಮುಂದ ಮ್ಯಾಲಿನ ಪ್ಲೇಟು, ಸಾಮಾನು ತಗದ್ರ ಆತು." ಹಗಲಿನ್ಯಾಗ, ಬಿಸಲಿನ್ಯಾಗ, ಹೊಟ್ಟಿ ತುಂಬಿದಾಗ ನೆನಪಿರತೈತಿ. ರಾತ್ರಿ ಎರಡು ಗಂಟೆಗೆ ನೆನಪಿರತೈತೇನು? ನೆನಪಿನ ಮ್ಯಾಲ ಬಾಗಲಾ ಕಟ್ಟಬಾರದು. ಟ್ರ್ಯಾಕ್ಟರ್ ಟ್ರೇಲರಿನ ಹುಲ್ಲಿನ ಮ್ಯಾಲ ಹುಡುಗರು ಕುಂತು ಬರ್ತಾವು. ಅವು ಅಗಸಿ ಬಂತು ಅಂತ ಮಲಗೂ ಹುಡುಗರಲ್ಲ, ಮೊಬೈಲ್ ನೋಡೂ ಹುಡುಗರು. ಒದರಾಕ ಅಪ್ಪನೂ ಕೆಳಗ ನಡಕೋತ ಬರೂದಿಲ್ಲ, ಮುಂದ ಇಂಜಿನ್ ಸಪ್ಪಳದಾಗ ಕುಂತಿರ್ತಾನ.

ನಾಕು, "ಗಾಡಿ ಹೊರಗ ನಿಲ್ಲಲಿ, ತಾಡಪತ್ರಿ ಹೊಚ್ಚಿದ್ರ ಆತು." ಸಾದಾ ಗಾಡಿಗೆ ನಡೀತಿತ್ತು. ಇದರ ಒಳಗ ಹಾಸಿಗಿ, ತಲಿದಿಂಬು, ಪರದೆ ಅದಾವು. ಜೂನಿಂದ ಮುಂದ ನಮ್ಮ ಮಳಿಗೆ ಕಪಾಟಿನ ಸೀರಿಗೇ ಬೂಸ್ಟು ಹಿಡಿತಾವು, ಹೊರಗಿನ ಗಾದಿ ಏನ್ ಉಳಿತೈತಿ? ಮ್ಯಾಲ ಮಂಗ್ಯಾಗೋಳು ತಾಡಪತ್ರಿ ಹರದು ಗೊಂಬಿ ಆಟ ಆಡತಾವು.

ಐದನೇದು ಒಂದ ಖರೇ ಮಾತು: ದೊಡ್ಡ ಶಟರ್ ಹೆಂಗಸರಿಗೆ ಎತ್ತಾಕ ಆಗೂದಿಲ್ಲ. ಒಪ್ಪತೀನಿ. 10 ಅಡಿ ಅಗಲ, 10 ಅಡಿ ಎತ್ತರ ಅಂದ್ರ ನೂರು ಚದರ ಅಡಿ ತಗಡು. ಅದನ್ನ ಟೊಂಕ ಬಗ್ಗಿಸಿ ಕೈಲೆ ಎತ್ತೂದು ಬ್ಯಾಡ. ಬಾಜೂಕ ಸರಪಳಿ ಜಗ್ಗೂ ಗೇರು ಹಾಕಸ್ರಿ, ನಿಂತಲ್ಲೇ ನಿಂತು ಜಗ್ಗಿದ್ರ ಮೆಲ್ಲಕ ಏರತೈತಿ. ನಾ ದಿನಾ ಎತ್ತತೀನಿ. ಮೋಟಾರ್ ಹಾಕಸೂದಿದ್ರ ಹಾಕಸ್ರಿ, ಆದ್ರ ಕರೆಂಟ್ ಹೋದಾಗ ಕೈಲೆ ಎತ್ತೂ ಸರಪಳಿ ಇರಾಕಬೇಕು. ಆಷಾಢದ ಗಾಳಿಗೆ ಕರೆಂಟ್ ಎಷ್ಟೊತ್ತಿಗೆ ಹೋಗತೈತಿ, ಎಷ್ಟೊತ್ತಿಗೆ ಬರತೈತಿ ಯಾರಿಗೆ ಗೊತ್ತು? ಮತ್ತ ಶಟರ್ ಪೂರಾ ಏರಿದ ಮ್ಯಾಲ ಹಿಡಿಕಿ ನಮ್ಮ ಕೈಗೆ ನಿಲಕೂದಿಲ್ಲ, ಅದಕ್ಕೊಂದು ಕೊಕ್ಕಿ ಇರೂ ಉದ್ದನ್ನ ಕೋಲು ಬಾಗಲದ ಬಾಜೂಕ ತೂಗಬಿಡ್ರಿ. ಬಾಗಲಾ ಸಣ್ಣದ ಮಾಡೂದು ಇದಕ್ಕ ಉತ್ತರ ಅಲ್ಲ.

ಇನ್ನ ಮಾಡೂದು ಹೆಂಗ? ನಾ ಇಂಜಿನಿಯರ್ ಅಲ್ಲ, ಪೆಟ್ಟು ತಿಂದು ಕಲ್ತಾಕಿ. ಕಲ್ತಷ್ಟು ಹೇಳ್ತೀನಿ.

ಮೊದಲು ಗಾಡಿ ಸಮಾ ನೆಲದ ಮ್ಯಾಲ ನಿಂದ್ರಿಸ್ರಿ. ಒಳಗಿನ ಮಂದಿ, ಸಾಮಾನು, ನೀರು ಎಲ್ಲಾ ಇಳಸ್ರಿ, ಗಾಲಿಗೆ ಪೂರಾ ಗಾಳಿ ಹಾಕಸ್ರಿ. ಮ್ಯಾಲಿನ ಕ್ಯಾರಿಯರ್, ಪ್ಲೇಟು, ಏಸಿ ಡಬ್ಬಿ ಏನಿದ್ರೂ ಇರಲಿ. ಛತ್ತಿನ ಎಲ್ಲಾಕಿಂತ ಎತ್ತರದ ಜಾಗಾಕ್ಕ ಒಂದು ಸಮಾ ಹಲಗಿ ಅಡ್ಡ ಇಟ್ಟು, ಅದರ ಕೆಳಗಿನ ಅಂಚಿನಿಂದ ನೆಲಮಟ ಅಳೀರಿ. ಅದಕ್ಕ ಒಂದ ಅಡಿ ಕೂಡಸ್ರಿ. ಇದು ಶಟರ್ ಪೂರಾ ಎತ್ತಿದಾಗ ಅದರ ಪಟ್ಟಿ ಕೆಳಗ, ನೆಲ ಪೂರಾ ಮುಗದ ಮ್ಯಾಲ ಸಿಗಬೇಕಾದ ಎತ್ತರ. ಲಿಂಟಲಿಂದಲ್ಲ. ನಮ್ಮ ಗಾಡಿಗೆ ಅದು 9 ಅಡಿ 8 ಇಂಚು, ನಾವು ಪೂರಾ 10 ಹಿಡದ್ವಿ.

ಶಟರ್ ಸುರುಳಿ ಎಲ್ಲಿ ಕುಂದರತೈತಿ ಅಂತ ಮೊದಲ ಕೇಳ್ರಿ. ಬಾಗಲದ ಬಾಯಾಗ ಕೂಡಿಸಿದ್ರ ಅದು ಎತ್ತರ ತಿಂತೈತಿ. ಲಿಂಟಲಿನ ಹಿಂದ, ಒಳಗಿನ ಗ್ವಾಡಿಗೆ, ಮ್ಯಾಲ ಕೂಡಸ್ರಿ ಅನ್ರಿ. ಹಂಗ ಕೂಡಸಾಕ ಲಿಂಟಲಿನ ಮ್ಯಾಲ ಛತ್ತಿನಮಟ ಒಂದೂವರೆ ಅಡಿ ಆದ್ರೂ ಜಾಗಾ ಬೇಕು. ಅಂದ್ರ 10 ಅಡಿ ಬಾಗಲಕ್ಕ ಛತ್ತು ಹನ್ನೊಂದೂವರೆ, ಹನ್ನೆರಡು ಅಡಿಗೆ ಹೋಗಬೇಕು. ಇದನ್ನ ಕಂಬ ನಿಂದ್ರಸೂ ಮುಂದನ ತೀರ್ಮಾನ ಮಾಡಬೇಕು, ಲಿಂಟಲ್ ದಿನ ಅಲ್ಲ. ಛತ್ತು ಎತ್ತರಿಸಾಕ ಆಗೂದಿಲ್ಲಂದ್ರ ಶಟರ್ ಬಿಡ್ರಿ, ಎರಡು ಪಡಕಿನ ಗೇಟ್ ಹಾಕಸ್ರಿ, ಅದು ಮ್ಯಾಲ ಒಂದ ಇಂಚೂ ತಿನ್ನೂದಿಲ್ಲ. ಆದ್ರ ತಗಿಯಾಕ ಮುಂದ ಅಂಗಳ ಬೇಕು, ಗಾಳಿಗೆ ಬಡೀಲಾರದಂಗ ನೆಲಕ್ಕ ಚಿಲಕ ಬೇಕು.

ರಸ್ತೆ ನೋಡ್ರಿ. ನಮ್ಮ ಊರಾಗ ರಸ್ತೆ ಮಾಡಿದಾಗೊಮ್ಮೆ ಹಳೇದರ ಮ್ಯಾಲ ಹೊಸಾದು ಹಾಕಿ ಎತ್ತರ ಆಕ್ಕೋತ ಹೊಂಟೈತಿ, ನಮ್ಮ ಅಂಗಳ ತಗ್ಗಿಗೆ ಉಳೀತಾವು. ರಸ್ತೆಯಿಂದ ಶೆಡ್ಡಿಗೆ ಇಳಕಲಿದ್ರ ಮುಂದಿನ ಗಾಲಿ ಒಳಗಿನ ಸಮಾ ನೆಲಕ್ಕ ಇಳದಿರತೈತಿ, ಹಿಂದಿನ ಗಾಲಿ ಇನ್ನೂ ಇಳಕಲಿನ ಮ್ಯಾಲ ಇರತೈತಿ. ಆವಾಗ ಬಾಗಲದ ಕೆಳಗ ಬಂದ ಗಾಡಿ ಛತ್ತು ಅಳದದ್ದಕ್ಕಿಂತ ಮ್ಯಾಲ ಎದ್ದಿರತೈತಿ. ಉದ್ದನ್ನ ಗಾಡಿ ಆದಷ್ಟು ಇದು ಹೆಚ್ಚು. ಇಳಕಲು ಬಾಗಲದ ಹೊಸ್ತಿಲಿಗೆ ಬಂದು ಮುಗೀಬಾರದು, ಒಂದು ಗಾಡಿ ಉದ್ದ ಹೊರಗ ಮುಗದು, ಅಲ್ಲಿಂದ ಸಮಾ ಇರಬೇಕು. ಜಾಗಾ ಇಲ್ಲಂದ್ರ ಎತ್ತರ ಇನ್ನೂ ಹೆಚ್ಚಿಗಿ ಬಿಡಬೇಕು.

ಇದೆಲ್ಲಾ ಗೊಂದಲ ಅನಸಿದ್ರ ಒಂದ ಬಿದಿರಿನ ಗಳಾ ಸಾಕು. ಗಾಡಿ ಎತ್ತರಕ್ಕ ಒಂದ ಅಡಿ ಕೂಡಿಸಿ ಅಷ್ಟ ಉದ್ದ ಕತ್ತರಿಸ್ರಿ, ನೆಟ್ಟಗ ಹಿಡಕೊಂಡು ಬಾಗಲದಾಗ ಈ ಕಡಿಂದ ಆ ಕಡಿಮಟ ನಡೀರಿ. ಎಲ್ಲೂ ತಾಗಬಾರದು. ರೈಲ್ವೆ ಗೇಟಿನ ಎರಡೂ ಕಡೆ ಕಬ್ಬಿಣದ ಕಮಾನು ನಿಂದ್ರಿಸಿರ್ತಾರಲ್ಲ, ಮ್ಯಾಲಿನ ಕರೆಂಟ್ ತಂತಿಗೆ ತಾಗೂ ಎತ್ತರದ ಲಾರಿ ಅಲ್ಲೇ ನಿಲ್ಲಲಿ ಅಂತ, ಅದ ಬುದ್ಧಿ ಇದು. ಲೆಕ್ಕ ತಪ್ಪಬಹುದು, ಗಳಾ ತಪ್ಪೂದಿಲ್ಲ. ಆಮ್ಯಾಲ ಗಾಡಿ ಮ್ಯಾಲ ಏನರ ಹೊಸಾದು ಕೂಡಿಸಿದ ದಿನ ಮತ್ತ ಆ ಗಳಾ ಹೊರಗ ತಗೀರಿ. ನಮ್ಮದು ಶೆಡ್ಡಿನ ಮೂಲ್ಯಾಗ ನಿಂತೈತಿ, ಅರಬಿ ಒಣಗಸಾಕೂ ಬರತೈತಿ.

ಇನ್ನ ಓಣಿ ತುದಿ ಶೆಡ್ಡಿನ ಮಾತು. ನೆರಮನಿಯವರ ಕೆಲಸದಾಗ ಬಾಯಿ ಹಾಕಬಾರದು ಅಂತ ನಮಗ ಸಣ್ಣಾಗಿಂದ ಕಲಸ್ಯಾರ. ಆ ಮಾತು ಕೇಳಿನ ನಾ ಐವತ್ತು ವರ್ಷ ದಾಟೀನಿ. ಆದ್ರ ಆ ಮನ್ಯಾಗ ಎಂಬತ್ತು ದಾಟಿದ ಮುದುಕರದಾರ, ಸಣ್ಣ ಕೂಸೈತಿ. ಲಿಂಟಲ್ ಹಾಕಿದ ಮ್ಯಾಲ ಸಮಾಧಾನ ಹೇಳಾಕ ಹೋಗೂದಕ್ಕಿಂತ ಹಾಕೂ ಮುಂದ ಜಗಳಾ ಆಡಿ ಬರೂದು ಚೊಲೋ. ಜಗಳಾ ಎರಡು ದಿನಕ್ಕ ಮರೀತೈತಿ, ಕಾಂಕ್ರೀಟ್ ಮರಿಯೂದಿಲ್ಲ.

ನಾಳೆ ಮುಂಜಾನೆ ಒಂಬತ್ತಕ್ಕ ಅಲ್ಲಿಗೆ ಹೊಂಟೀನಿ. ಗಳಾನೂ ತರ್ತೀನಿ, ಟೇಪೂ ತರ್ತೀನಿ. ಅವರ ಟೆಂಪೋ ಖಾಲಿ ಮಾಡಿ ನಿಂದ್ರಸಾಕ ಹೇಳೀನಿ. ಬರೂವರು ಬರ್ರಿ. ಮನ್ಯಾಕಿ ಚಾ ತಂದ್ರ ತಾಟು ನೀವ್ಯಾರರ ಹಿಡೀರಿ, ಆಕಿ ಕೈಯಾಗ ಟೇಪಿನ ತುದಿ ಕೊಡೂದೈತಿ.

ನಾ ಇದನ್ನ ಬರಿಯೂದು ನೋಡಿ ನಮ್ಮತ್ತಿ ಕಟ್ಟಿ ಮ್ಯಾಲಿಂದ "ಏನ್ ಬರಿಯಾಕತ್ತೀ?" ಅಂದ್ರು. "ಬಾಗಲದ ಸುದ್ದಿ" ಅಂದೆ. "ದೊಡ್ಡದ ಇಡಸು ಅಂತ ಬರಿ. ಮುಂದಿನ ಉಳವಿಗೆ ನಾನೂ ಬರಾಕಿ ಅದೀನಿ" ಅಂದ್ರು.